ಕೈಗಡಿಯಾರದ ಉದ್ಯಮ: ರೂಢಿ ಬಿಟ್ಟವರು, ಬಿಡದವರು

ಯಾವುದೇ ವ್ಯಾಪಾರ ನಾಲ್ಕು ಕಾಲ ನಡೆಯಿತೆಂದರೆ ಅದಕ್ಕೊಂದು ರೂಢಿ ಬಂದುಬಿಡುತ್ತದೆ. ಸರಕನ್ನು ಎಷ್ಟು ತಯಾರಿಸಬೇಕು, ಯಾವ ಬೆಲೆಗೆ ಬಿಡಬೇಕು, ಯಾರ ಮೂಲಕ ಮಾರಬೇಕು, ಕೆಟ್ಟರೆ ಯಾರು ರಿಪೇರಿ ಮಾಡಬೇಕು ಎಂಬುದಕ್ಕೆಲ್ಲ ಹಿಂದೆ ಯಾರೋ ತಲೆ ಕೆಡಿಸಿಕೊಂಡು ಕಂಡುಕೊಂಡ ಉತ್ತರಗಳು ಇರುತ್ತವೆ. ಆ ಉತ್ತರಗಳು ಲಾಭ ತಂದುಕೊಟ್ಟಷ್ಟೂ ಅವು ಯಾವ ಪ್ರಶ್ನೆಗೆ ಉತ್ತರವಾಗಿದ್ದವು ಎಂಬುದು ಮರೆಯುತ್ತ ಹೋಗುತ್ತದೆ. ಕಾಲ ಬದಲಾಗಿ ಪ್ರಶ್ನೆಯೇ ಬೇರೆಯಾದಾಗಲೂ ಸಂಸ್ಥೆ ಹಳೆಯ ಉತ್ತರವನ್ನೇ ಕೊಡುತ್ತಿರುತ್ತದೆ.

ದೊಡ್ಡ ಸಂಸ್ಥೆಗಳು ಮುಳುಗುವುದು ಹೊಸ ತಂತ್ರಜ್ಞಾನ ಗೊತ್ತಿಲ್ಲದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಕೈಗಡಿಯಾರದ ಉದ್ಯಮದಲ್ಲಿ ನಡೆದದ್ದು ಹಾಗಲ್ಲ. ಸೆಲ್ಲಿನಿಂದ ನಡೆಯುವ ಜಪಾನಿನ ಕ್ವಾರ್ಟ್ಜ್ ವಾಚು ಅಂಗಡಿಗೆ ಬರುವ ಎರಡು ವರ್ಷ ಮೊದಲೇ ಸ್ವಿಟ್ಜರ್ಲೆಂಡಿನ ಪ್ರಯೋಗಾಲಯದಲ್ಲಿ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಸಿದ್ಧವಾಗಿತ್ತು. ಟೈಟನ್ ಎಂಬ ಕಂಪನಿ ಹುಟ್ಟುವ ಮೊದಲೇ ಬೆಂಗಳೂರಿನ ಎಚ್‌ಎಂಟಿ ಕ್ವಾರ್ಟ್ಜ್ ವಾಚು ಮಾಡಿತ್ತು. ಇಬ್ಬರಿಗೂ ವಿದ್ಯೆ ಗೊತ್ತಿತ್ತು. ಆ ವಿದ್ಯೆಯ ಸುತ್ತ ಕಟ್ಟಿಕೊಂಡಿದ್ದ ತಯಾರಿಕೆ, ಬೆಲೆ, ಮಾರಾಟದ ಏರ್ಪಾಡನ್ನು ಮಾತ್ರ ಅವರು ಸಕಾಲದಲ್ಲಿ ಬದಲಿಸಲಿಲ್ಲ. ಸ್ವಿಸ್ ಉದ್ಯಮ ತಡವಾಗಿ ಎಚ್ಚೆತ್ತು ಉಳಿದುಕೊಂಡಿತು, ಎಚ್‌ಎಂಟಿಯ ವಾಚು ಕಾರ್ಖಾನೆಗಳು ಬಾಗಿಲು ಹಾಕಿದವು.

ಜುರಾ ಬೆಟ್ಟದ ಏರ್ಪಾಡು

ಸ್ವಿಟ್ಜರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಜುರಾ ಬೆಟ್ಟಗಳಲ್ಲಿ ಚಳಿಗಾಲ ದೀರ್ಘ, ಬೇಸಾಯಕ್ಕೆ ಬಿಡುವು ಹೆಚ್ಚು. ಹದಿನೆಂಟನೆಯ ಶತಮಾನದಿಂದಲೂ ಅಲ್ಲಿನ ರೈತ ಕುಟುಂಬಗಳು ಹಿಮ ಬೀಳುವ ತಿಂಗಳುಗಳಲ್ಲಿ ಗಡಿಯಾರದ ಬಿಡಿಭಾಗಗಳನ್ನು ತಯಾರಿಸುತ್ತಿದ್ದವು. ಒಂದು ಮನೆಯಲ್ಲಿ ಮುಳ್ಳು, ಇನ್ನೊಂದರಲ್ಲಿ ಡಯಲ್, ಮತ್ತೊಂದರಲ್ಲಿ ಸ್ಪ್ರಿಂಗ್. ಇವನ್ನೆಲ್ಲ ಕೊಂಡು ತಂದು ಜೋಡಿಸಿ ತನ್ನ ಹೆಸರು ಹಾಕಿ ಮಾರುವವನು ಬೇರೆ. ಮುಂದೆ ಮನೆಗಳು ಸಣ್ಣ ಕಾರ್ಖಾನೆಗಳಾದರೂ ಕೆಲಸ ಹಂಚಿಕೊಳ್ಳುವ ಈ ಪದ್ಧತಿ ಹಾಗೆಯೇ ಉಳಿಯಿತು. ಹೊಸ ಮಾದರಿ ಬೇಕೆಂದವರು ಹೊಸ ಕಾರ್ಖಾನೆ ಕಟ್ಟಬೇಕಿರಲಿಲ್ಲ, ಬೇರೆ ಡಯಲ್, ಬೇರೆ ಕೇಸ್ ತರಿಸಿಕೊಂಡರೆ ಸಾಕಿತ್ತು. ವೈವಿಧ್ಯ, ಕುಶಲತೆ, ಕಡಿಮೆ ಬಂಡವಾಳ ಮೂರೂ ಒಟ್ಟಿಗೆ ದಕ್ಕುತ್ತಿದ್ದ ಜಾಣ ವ್ಯವಸ್ಥೆ ಇದು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಈ ಸಣ್ಣ ಸಂಸ್ಥೆಗಳು ಪರಸ್ಪರ ಬೆಲೆ ಇಳಿಸುತ್ತ ಒಟ್ಟಿಗೆ ಮುಳುಗುವ ಸ್ಥಿತಿ ಬಂತು. ಸರ್ಕಾರ 1934ರಲ್ಲಿ ಗಡಿಯಾರ ಉದ್ಯಮಕ್ಕೆಂದೇ ವಿಶೇಷ ಕಾನೂನು ಮಾಡಿತು. ಹೊಸ ಕಾರ್ಖಾನೆ ತೆರೆಯಲು ಅನುಮತಿ ಬೇಕಾಯಿತು, ಬಿಡಿಭಾಗಗಳ ರಫ್ತಿಗೆ ಕಡಿವಾಣ ಬಿತ್ತು, ಬೆಲೆಗಳಿಗೆ ಕಟ್ಟುಪಾಡು ಬಂತು. ಆ ಹೊತ್ತಿಗೆ ಇದು ಉದ್ಯಮವನ್ನು ಉಳಿಸಿದ ಕ್ರಮ. ಆದರೆ 1960ರ ದಶಕದಲ್ಲಿ ಸಡಿಲವಾಗುತ್ತ ಬಂದು 1971ರಲ್ಲಿ ಈ ಕಟ್ಟಳೆ ಪೂರ್ತಿ ತೆರವಾಗುವ ಹೊತ್ತಿಗೆ ಒಂದು ತಲೆಮಾರಿಗೂ ಹೆಚ್ಚು ಕಾಲ ಯಾರೂ ಯಾರೊಂದಿಗೂ ನೇರವಾಗಿ ಸ್ಪರ್ಧಿಸದೆ ಬದುಕಿದ್ದರು. ಸಾವಿರಕ್ಕೂ ಹೆಚ್ಚು ಸಣ್ಣ ಸಂಸ್ಥೆಗಳು, ಅಷ್ಟೇ ಸಂಖ್ಯೆಯ ಪ್ರತ್ಯೇಕ ತೀರ್ಮಾನಗಳು. ಎಲ್ಲರನ್ನೂ ಒಂದು ದಿಕ್ಕಿಗೆ ತಿರುಗಿಸಬಲ್ಲ ಕೈ ಇರಲಿಲ್ಲ.

ಹಾಗೆಂದು ಅವರು ಹೊಸತಕ್ಕೆ ಕಣ್ಣು ಮುಚ್ಚಿ ಕೂತಿರಲಿಲ್ಲ. 1962ರಲ್ಲಿ ಹಲವು ಕಂಪನಿಗಳು ಸೇರಿ ನ್ಯೂಶಾಟೆಲ್ ನಗರದಲ್ಲಿ ಎಲೆಕ್ಟ್ರಾನಿಕ್ ಗಡಿಯಾರಗಳ ಸಂಶೋಧನೆಗಾಗಿ ಒಂದು ಕೇಂದ್ರ ತೆರೆದವು. 1967ರಲ್ಲಿ ಅಲ್ಲಿನ ಎಂಜಿನಿಯರುಗಳು ಬೀಟಾ-1 ಎಂಬ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ತಯಾರಿಸಿದರು. ಆದರೆ ಮಾರಾಟಕ್ಕೆ ಮೊದಲು ಬಂದದ್ದು ಜಪಾನಿನ ಸೀಕೊ ಕಂಪನಿಯ ಆಸ್ಟ್ರಾನ್, 1969ರ ಡಿಸೆಂಬರ್ 25ರಂದು. ಬೆಲೆ 4,50,000 ಯೆನ್. ಆಗಿನ ಕಾಲಕ್ಕೆ ಅಷ್ಟು ಹಣಕ್ಕೆ ಒಂದು ಸಣ್ಣ ಕಾರು ಬರುತ್ತಿತ್ತು. ಇಷ್ಟು ದುಬಾರಿಯಾದ ವಸ್ತು ತಮ್ಮ ಮಾರುಕಟ್ಟೆಗೆ ಕೈ ಹಾಕೀತು ಎಂದು ಸ್ವಿಸ್ ತಯಾರಕರಿಗೆ ಅನ್ನಿಸಲಿಲ್ಲ.

ಅಪಾಯ ಅಡಗಿದ್ದದ್ದು ಕ್ವಾರ್ಟ್ಜ್ ಕೆಲಸ ಮಾಡುವ ಬಗೆಯಲ್ಲೇ. ಕೀ ಕೊಡುವ ವಾಚಿನಲ್ಲಿ ಸುತ್ತಿಕೊಂಡ ಮೇನ್‌ಸ್ಪ್ರಿಂಗ್ ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ, ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದರಿಂದ ಎಂಟು ಸಲ ಬಡಿದು ವೇಗವನ್ನು ಹದದಲ್ಲಿಡುತ್ತದೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಒಂದಿಷ್ಟು ಸೊಟ್ಟಗಾದರೂ ಸಮಯ ಹಿಂದುಮುಂದಾಗುತ್ತದೆ. ಕ್ವಾರ್ಟ್ಜ್ ವಾಚಿನಲ್ಲಿ ಈ ಕೆಲಸವನ್ನು ಸ್ಫಟಿಕದ ಸಣ್ಣ ತುಣುಕೊಂದು ಮಾಡುತ್ತದೆ. ಸೆಲ್ಲಿನ ವಿದ್ಯುತ್ತಿಗೆ ಅದು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ. ಚಿಪ್ ಆ ಲೆಕ್ಕ ಮಾಡಿ ಸೆಕೆಂಡಿಗೊಮ್ಮೆ ಪುಟ್ಟ ಮೋಟಾರಿಗೆ ಮಿಡಿತ ಕೊಡುತ್ತದೆ. ಉತ್ತಮ ಕೀ ವಾಚು ದಿನಕ್ಕೆ ಹಲವು ಸೆಕೆಂಡು ತಪ್ಪುತ್ತಿದ್ದಾಗ ಆಸ್ಟ್ರಾನ್ ತಿಂಗಳಿಗೆ ಐದು ಸೆಕೆಂಡಿನೊಳಗೆ ನಿಂತಿತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಕುಶಲಕರ್ಮಿಯ ಕೈ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತದೆ, ಚಿಪ್ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತದೆ. ನಿಖರ ಸಮಯವನ್ನು ದುಬಾರಿ ಬೆಲೆಗೆ ಮಾರುವುದೇ ಸ್ವಿಸ್ ವ್ಯಾಪಾರದ ತಳಹದಿಯಾಗಿತ್ತು. ಹತ್ತೇ ವರ್ಷದಲ್ಲಿ ನಿಖರತೆ ಯಾರ ಕೈಗೂ ಎಟುಕುವ ಸಾಮಾನ್ಯ ಸರಕಾಯಿತು.

1970ರಲ್ಲಿ ಸುಮಾರು 90 ಸಾವಿರ ಜನ ದುಡಿಯುತ್ತಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ 1980ರ ದಶಕದ ನಡುವಿನ ಹೊತ್ತಿಗೆ ಉಳಿದವರು 30 ಸಾವಿರದ ಆಸುಪಾಸು. ಬ್ಯಾಂಕುಗಳ ಒತ್ತಾಯದ ಮೇಲೆ 1983ರಲ್ಲಿ ಎರಡು ದೊಡ್ಡ ಗುಂಪುಗಳು ವಿಲೀನವಾದವು. ಅದಕ್ಕೆ ದಾರಿ ತೋರಿಸಿದ ಸಲಹೆಗಾರ ನಿಕೊಲಾಸ್ ಹಾಯೆಕ್ ಮುಂದೆ ಆ ಸಂಸ್ಥೆಯ ಮುಖ್ಯಸ್ಥನೇ ಆದ.

ಅದೇ ವರ್ಷದ ಮಾರ್ಚ್ 1ರಂದು ಜ್ಯೂರಿಕ್‌ನಲ್ಲಿ ಸ್ವಾಚ್ ಎಂಬ ಅಗ್ಗದ ಕ್ವಾರ್ಟ್ಜ್ ವಾಚು ಬಿಡುಗಡೆಯಾಯಿತು. ಅದನ್ನು ರೂಪಿಸಿದವರು ಇದೇ ಗುಂಪಿನ ಇಟಿಎ ಎಂಬ ಬಿಡಿಭಾಗಗಳ ಕಂಪನಿಯ ಎಲ್ಮಾರ್ ಮಾಕ್ ಮತ್ತು ಜಾಕ್ ಮ್ಯುಲರ್ ಎಂಬ ಎಂಜಿನಿಯರುಗಳು. ಅವರ ಬೆನ್ನಿಗೆ ನಿಂತವರು ಕಂಪನಿಯ ಮುಖ್ಯಸ್ಥ ಅರ್ನ್ಸ್ಟ್ ಟಾಮ್ಕೆ. ಆಗಿನ ಕ್ವಾರ್ಟ್ಜ್ ವಾಚಿನಲ್ಲಿ ತೊಂಬತ್ತರ ಮೇಲೆ ಬಿಡಿಭಾಗಗಳಿರುತ್ತಿದ್ದರೆ ಇದರಲ್ಲಿದ್ದದ್ದು 51 ಮಾತ್ರ. ಪ್ಲಾಸ್ಟಿಕ್ ಕೇಸಿನ ತಳವೇ ಯಂತ್ರ ಕೂರುವ ಪೀಠವಾಯಿತು. ಗಾಜನ್ನು ಬೆಸೆದು ಮುಚ್ಚಿದ್ದರಿಂದ ಬಿಚ್ಚಿ ರಿಪೇರಿ ಮಾಡುವ ಪ್ರಶ್ನೆಯೇ ಇರಲಿಲ್ಲ. ವಾಚೆಂದರೆ ಮಗನಿಗೆ ಮೊಮ್ಮಗನಿಗೆ ಬರುವಂಥದ್ದು ಎಂದು ಶತಮಾನಗಳಿಂದ ಹೇಳಿಕೊಂಡು ಬಂದ ನಾಡಿನಲ್ಲಿ ಇದು ಸಣ್ಣ ತೀರ್ಮಾನವಲ್ಲ. ಐವತ್ತು ಫ್ರಾಂಕಿನೊಳಗೆ ಸಿಗುವ ಬಣ್ಣಬಣ್ಣದ ವಾಚನ್ನು ಜನ ಅಂಗಿಗೊಂದು ಎಂಬಂತೆ ಎರಡು ಮೂರು ಕೊಂಡರು. ಕೆಳಬೆಲೆಯ ಮಾರುಕಟ್ಟೆಯನ್ನು ಏಷ್ಯಾದವರಿಗೆ ಬಿಟ್ಟುಕೊಟ್ಟು ಮೇಲಿನದನ್ನಷ್ಟೇ ಇಟ್ಟುಕೊಳ್ಳೋಣ ಎಂಬ ವಾದವನ್ನು ಹಾಯೆಕ್ ಒಪ್ಪಲಿಲ್ಲ. ಕೆಳಗಿನ ಮೆಟ್ಟಿಲು ಬಿಟ್ಟುಕೊಟ್ಟವರು ನಾಳೆ ಮಧ್ಯದ ಮೆಟ್ಟಿಲನ್ನೂ ಬಿಡಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಜೋಡಿಸುವ ಕೆಲಸ ಯಂತ್ರಗಳ ಪಾಲಾದದ್ದರಿಂದ ಸ್ವಿಟ್ಜರ್ಲೆಂಡಿನ ಕೂಲಿ ದರದಲ್ಲೂ ಆ ಬೆಲೆ ಗಿಟ್ಟಿತು.

ಜಲಹಳ್ಳಿಯಿಂದ ತುಮಕೂರಿಗೆ

ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1953ರಲ್ಲಿ. ಹೆಸರೇ ಹೇಳುವಂತೆ ಅದರ ಕೆಲಸ ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸುವುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ವಾಚು ಕಾರ್ಖಾನೆ ಶುರುವಾಯಿತು, ಮೊದಲ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ವಿದೇಶಿ ವಿನಿಮಯ ಕೈಬಿಗಿಯಾಗಿದ್ದ ಕಾಲ ಅದು. ಹೊರಗಿನ ವಾಚಿಗೆ ಆಮದಿನ ಅಡ್ಡಿ, ಕಳ್ಳಸಾಗಣೆಯ ವಾಚಿಗೆ ಪೊಲೀಸರ ಭಯ. ಅಂಥ ಹೊತ್ತಿನಲ್ಲಿ ದೇಶದಲ್ಲೇ ತಯಾರಾದ, ನಂಬಬಹುದಾದ ವಾಚು ಸಾಮಾನ್ಯರ ಕೈಗೆ ಬಂತು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್, ಕೊಹಿನೂರ್ ಎಂಬ ಮಾದರಿಗಳ ಹೆಸರುಗಳು ಈಗಲೂ ಹಿರಿಯರ ಬಾಯಲ್ಲಿವೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ, ಮದುವೆಯ ವರನಿಗೆ, ನಿವೃತ್ತರಾದ ಮೇಷ್ಟರಿಗೆ ಎಚ್‌ಎಂಟಿ ವಾಚು ಕಟ್ಟುವುದು ಮನೆಮನೆಯ ಪದ್ಧತಿಯಾಯಿತು. ಅಂಧರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಈ ಸಂಸ್ಥೆ ಮಾಡಿತು. ಕಾಶ್ಮೀರದ ಶ್ರೀನಗರ, ತುಮಕೂರು, ಈಗಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು. ಜೋಡಣೆಯ ಸಾಲುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿತು. ಬೆಂಗಳೂರಿನ ಎಷ್ಟೋ ಮಧ್ಯಮ ವರ್ಗದ ಸಂಸಾರಗಳು ಆ ಸಂಬಳದಿಂದ ನೆಲೆ ಕಂಡವು. ಈ ಸಾಧನೆಯನ್ನು ಬದಿಗಿಟ್ಟು ಎಚ್‌ಎಂಟಿಯ ಪತನದ ಮಾತನ್ನಷ್ಟೇ ಆಡುವುದು ಅನ್ಯಾಯ.

ಆದರೆ ಅದರ ರೂಢಿಗಳೆಲ್ಲ ಹುಟ್ಟಿದ್ದು ಕೊರತೆಯ ಕಾಲದಲ್ಲಿ. ತಯಾರಾದಷ್ಟೂ ಖರ್ಚಾಗುತ್ತಿದ್ದ ದಿನಗಳವು. ವಾಚಿಗಾಗಿ ಜನ ಹೆಸರು ಬರೆಸಿ ಕಾಯುತ್ತಿದ್ದರು. ಅಂಗಡಿಯ ಗಾಜಿನ ಬೀರುವಿನಲ್ಲಿ ಬೀಗದ ಹಿಂದೆ ನಾಲ್ಕಾರು ವಾಚು ಇರುತ್ತಿದ್ದವು. ಗಿರಾಕಿ ಕೇಳಿದ ಮೇಲೆ ಅಂಗಡಿಯವರು ಟ್ರೇ ಹೊರಗೆ ತೆಗೆಯುತ್ತಿದ್ದರು, ಇದ್ದುದರಲ್ಲಿ ಒಂದನ್ನು ಆರಿಸಿಕೊಂಡು ಗಿರಾಕಿ ಸಂತೋಷದಿಂದಲೇ ಹೋಗುತ್ತಿದ್ದ. ಹೀಗಿರುವಾಗ ಕಾರ್ಖಾನೆಯ ಯಶಸ್ಸನ್ನು ಅಳೆಯಲು ಎಷ್ಟು ವಾಚು ಹೊರಬಿದ್ದವು ಎಂಬ ಒಂದೇ ಲೆಕ್ಕ ಸಾಕಾಗುತ್ತಿತ್ತು. ಯಾವ ಡಯಲ್ ಯಾರಿಗೆ ಇಷ್ಟ, ಹುಡುಗಿಯರಿಗೆ ಎಂಥದು ಬೇಕು, ಹಬ್ಬಕ್ಕೆ ಏನು ಹೊಸತು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

1980ರ ದಶಕದ ಮೊದಲ ವರ್ಷಗಳಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ತಯಾರಿಸಿತು. ಆದರೆ ಅದನ್ನು ಮುಖ್ಯ ದಾರಿಯಾಗಿ ಹಿಡಿಯಲಿಲ್ಲ. ಕೀ ಕೊಡುವ ವಾಚಿಗೇ ಬೇಡಿಕೆ ಪೂರೈಸಲಾಗುತ್ತಿಲ್ಲ, ಸೆಲ್ ಹಾಕಿಸುವ ದುಬಾರಿ ವಾಚನ್ನು ಭಾರತದಲ್ಲಿ ಯಾರು ಕೊಳ್ಳುತ್ತಾರೆ ಎಂಬ ಲೆಕ್ಕ ಆಗ ತಪ್ಪಾಗಿ ಕಾಣುತ್ತಿರಲಿಲ್ಲ. ಕಾರ್ಖಾನೆಗಳ ಯಂತ್ರಗಳು, ಸಾವಿರಾರು ನೌಕರರ ಕಸುಬು, ಊರೂರಿನ ರಿಪೇರಿಯವರ ಕೌಶಲ ಎಲ್ಲವೂ ಕೀ ವಾಚಿನ ಸುತ್ತಲೇ ಬೆಳೆದಿದ್ದವು. ಬಿಡಿಭಾಗ ಕಡಿಮೆಯಾದರೆ ಕೈಗಳಿಗೆ ಕೆಲಸವೂ ಕಡಿಮೆ. ಸರ್ಕಾರಿ ಸಂಸ್ಥೆಗೆ ಇದು ಕೇವಲ ಲಾಭನಷ್ಟದ ವಿಷಯವಾಗಿರಲಿಲ್ಲ. ಮೇಲಾಗಿ ಹೊಸ ಯಂತ್ರಕ್ಕೆ ಹಣ, ಹೊಸ ಮಾದರಿಗೆ ಒಪ್ಪಿಗೆ, ಬೆಲೆಯಲ್ಲಿ ಬದಲಾವಣೆ ಎಲ್ಲಕ್ಕೂ ಕಡತ ಮೇಲಿನವರೆಗೆ ಹೋಗಿ ಬರಬೇಕಿತ್ತು. ಫ್ಯಾಷನ್ನಿನ ವಸ್ತುವೊಂದು ಆರು ತಿಂಗಳಿಗೆ ಹಳತಾಗುತ್ತದೆ, ಕಡತ ಅಷ್ಟು ಬೇಗ ಓಡುವುದಿಲ್ಲ.

ಸಂಸ್ಥೆಯ ಒಳಗೆ ಅಪಾಯ ಕಂಡವರು ಇರಲಿಲ್ಲವೆಂದಲ್ಲ. ಅಂಥ ಅನುಭವಿಗಳಲ್ಲಿ ಹಲವರು ಮುಂದೆ ಹೊಸೂರಿನ ದಾರಿ ಹಿಡಿದರು.

ಹೊಸೂರಿನ ಹೊಸ ಲೆಕ್ಕ

ಟೈಟನ್ ಹುಟ್ಟಿದ್ದು 1984ರಲ್ಲಿ, ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಕಟ್ಟಿದ ಜಂಟಿ ಸಂಸ್ಥೆಯಾಗಿ. ಎಲ್ಲಕ್ಕೂ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ದೊಡ್ಡ ಖಾಸಗಿ ಸಮೂಹವೊಂದು ಹೊಸ ಕ್ಷೇತ್ರಕ್ಕೆ ಕಾಲಿಡಲು ಇಂಥ ಜೋಡಿ ನೆರವಾಗುತ್ತಿತ್ತು. ಕಾರ್ಖಾನೆಗೆ ಆರಿಸಿದ್ದು ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ದೂರದ ಹೊಸೂರು. ರಾಜ್ಯ ತಮಿಳುನಾಡು, ಆದರೆ ಎಚ್‌ಎಂಟಿ ಬೆಳೆಸಿದ ಬೆಂಗಳೂರಿನ ಗಡಿಯಾರ ವಿದ್ಯೆ ಕೂಗಳತೆಯಲ್ಲೇ ಇತ್ತು. ಯೋಜನೆಯ ಚುಕ್ಕಾಣಿ ಹಿಡಿದವರು ಕ್ಸರ್ಕ್ಸೆಸ್ ದೇಸಾಯಿ, ಅದಕ್ಕೂ ಮುಂಚೆ ಟಾಟಾ ಪ್ರೆಸ್ ಮುದ್ರಣ ಸಂಸ್ಥೆಯನ್ನು ನಡೆಸಿದವರು. ಗಡಿಯಾರದ ಉದ್ಯಮದಲ್ಲಿ ಬೆಳೆದವರಲ್ಲದ್ದರಿಂದಲೇ ಇರಬೇಕು, ಆ ಉದ್ಯಮದ ಸಂಪ್ರದಾಯಗಳನ್ನು ಗೌರವಿಸುವ ಹಂಗು ಅವರಿಗಿರಲಿಲ್ಲ.

ಅವರು ಮೊದಲು ಬದಲಿಸಿದ್ದು ವಾಚೆಂದರೆ ಏನು ಎಂಬ ಪ್ರಶ್ನೆಯ ಉತ್ತರವನ್ನು. ಸಮಯ ತೋರಿಸುವ, ಒಮ್ಮೆ ಕೊಂಡರೆ ಜೀವಮಾನಕ್ಕೆ ಸಾಕಾಗುವ ಉಪಕರಣ ಎಂಬ ಕಲ್ಪನೆ ಬಿಟ್ಟು, ತೊಡುವವರ ಅಭಿರುಚಿ ತೋರಿಸುವ ಆಭರಣ ಎಂದು ಅದನ್ನು ನೋಡಿದರು. ಆಗ ಗಿರಾಕಿಯ ಲೆಕ್ಕವೇ ಬೇರೆಯಾಗುತ್ತದೆ. ವಾಚು ಇಲ್ಲದವರಷ್ಟೇ ಗಿರಾಕಿಗಳಲ್ಲ, ಈಗಾಗಲೇ ವಾಚು ಇರುವವರೂ ಗಿರಾಕಿಗಳೇ. ಆಫೀಸಿಗೊಂದು, ಮದುವೆಮನೆಗೊಂದು, ಹೆಂಡತಿಗೆ ಉಡುಗೊರೆಯಾಗಿ ಇನ್ನೊಂದು.

1987ರಲ್ಲಿ ಟೈಟನ್ ವಾಚುಗಳು ಪೇಟೆಗೆ ಬಂದಾಗ ಉಳಿದೆಲ್ಲವೂ ಈ ಒಂದು ಉತ್ತರದಿಂದಲೇ ಹೊರಟವು. ಕ್ವಾರ್ಟ್ಜ್ ಯಂತ್ರ ತೆಳುವಾದ್ದರಿಂದ ಕೇಸನ್ನು ನಾಜೂಕಾಗಿ ರೂಪಿಸಲು ಬರುತ್ತಿತ್ತು. ಪತ್ರಿಕೆಗಳಲ್ಲಿ ಬಂದ ಜಾಹೀರಾತುಗಳು ಕ್ಯಾಟಲಾಗ್ ಮಾದರಿಯವು. ಸಾಲುಸಾಲು ವಾಚುಗಳ ಚಿತ್ರ, ಪ್ರತಿಯೊಂದರ ಪಕ್ಕದಲ್ಲಿ ಬೆಲೆ. ಮನೆಯಲ್ಲೇ ಕೂತು ಗಂಡಹೆಂಡತಿ ಇಬ್ಬರೂ ನೋಡಿ, ಬೆರಳಿಟ್ಟು ಇದು ಬೇಕೆಂದು ತೀರ್ಮಾನಿಸಿ ಅಂಗಡಿಗೆ ಬರುವ ಹೊಸ ಅಭ್ಯಾಸ ಹುಟ್ಟಿತು. ಟಿವಿ ಜಾಹೀರಾತಿಗೆ ಮೊಜಾರ್ಟ್‌ನ 25ನೆಯ ಸಿಂಫನಿಯ ಒಂದು ತುಣುಕನ್ನು ಬಳಸಿದರು. ಮೊಜಾರ್ಟ್ ಯಾರೆಂದು ತಿಳಿಯದ ಮನೆಗಳಲ್ಲೂ ಆ ರಾಗ ಕೇಳಿದೊಡನೆ ಮಕ್ಕಳು ಟೈಟನ್ ಎನ್ನುತ್ತಿದ್ದರು.

ನಿಜವಾದ ಪಲ್ಲಟ ಆದದ್ದು ಅಂಗಡಿಯಲ್ಲಿ. ಎಲ್ಲ ಕಂಪನಿಗಳ ವಾಚನ್ನೂ ಒಂದೇ ಬೀರುವಿನಲ್ಲಿಟ್ಟು ಮಾರುವ ಅಂಗಡಿಯವರನ್ನಷ್ಟೇ ನೆಚ್ಚಿಕೊಂಡಿದ್ದರೆ ಹೊಸ ವಾಚೂ ಅದೇ ಟ್ರೇಯಲ್ಲಿ ಕಳೆದುಹೋಗುತ್ತಿತ್ತು. ಟೈಟನ್ ತನ್ನ ಹೆಸರಿನ ಪ್ರತ್ಯೇಕ ಷೋರೂಮುಗಳನ್ನು ತೆರೆಯಿಸಿತು, ಬೆಂಗಳೂರಿನಿಂದಲೇ ಅದು ಶುರುವಾಯಿತು. ಒಳ್ಳೆಯ ಬೆಳಕು, ಗಾಜಿನ ಹಿಂದೆ ಬೆಲೆಚೀಟಿಯೊಂದಿಗೆ ಹರಡಿಟ್ಟ ವಾಚುಗಳು, ಬಂದವರನ್ನು ಮಾತಾಡಿಸಲು ತರಬೇತಾದ ಹುಡುಗ ಹುಡುಗಿಯರು. ಚೌಕಾಸಿ ಇಲ್ಲ, ಕೊಳ್ಳದೆ ನೋಡಿಕೊಂಡು ಹೋದರೂ ಮುಖ ಸಿಂಡರಿಸುವವರಿಲ್ಲ. ಬಹುತೇಕ ಮಳಿಗೆಗಳು ಸ್ಥಳೀಯ ವ್ಯಾಪಾರಿಗಳವು, ಬಂಡವಾಳವೂ ಅವರದೇ. ಅಂಗಡಿ ಹೇಗಿರಬೇಕು, ಏನನ್ನು ಎಲ್ಲಿಡಬೇಕು, ಬೆಲೆ ಎಷ್ಟು ಎಂಬುದು ಕಂಪನಿಯ ನಿರ್ಧಾರ. ಹೀಗೆ ಕಂಪನಿಗೆ ಇನ್ನೊಂದು ಲಾಭವೂ ಆಯಿತು. ಯಾವ ಮಾದರಿ ಯಾವ ಊರಿನಲ್ಲಿ ಓಡುತ್ತಿದೆ, ಯಾವುದು ಧೂಳು ಹಿಡಿಯುತ್ತಿದೆ ಎಂಬ ಸುದ್ದಿ ಮಧ್ಯವರ್ತಿಗಳ ಬಾಯಿಂದ ತಿರುಚಿಕೊಂಡು ಬರದೆ ನೇರವಾಗಿ ಬರತೊಡಗಿತು. ತಯಾರಿಕೆಯ ಲೆಕ್ಕ ಕಾರ್ಖಾನೆಯಿಂದ ಅಂಗಡಿಯ ಕಡೆಗೆ ಹರಿಯುವ ಬದಲು ಅಂಗಡಿಯಿಂದ ಕಾರ್ಖಾನೆಯ ಕಡೆಗೆ ಹರಿಯಿತು. ಟೈಟನ್ನಿನ ಗೆಲುವಿಗೆ ಸಂಗೀತ, ವಿನ್ಯಾಸಗಳನ್ನು ಕಾರಣವಾಗಿ ಹೇಳುವವರು ಹೆಚ್ಚು. ಈ ದಿಕ್ಕಿನ ಬದಲಾವಣೆ ಅವೆರಡಕ್ಕಿಂತ ದೊಡ್ಡದು.

ಕೆಲಸಗಾರರ ವಿಷಯದಲ್ಲೂ ಹೊಸ ಪ್ರಯೋಗ ನಡೆಯಿತು. ಸುತ್ತಲಿನ ಹಿಂದುಳಿದ ಹಳ್ಳಿಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟರು. ಹದಿಹರೆಯದ ಆ ಮಕ್ಕಳಿಗೆ ಹೊಸೂರಿನಲ್ಲಿ ಮನೆಯ ಆಸರೆ ಸಿಗಲೆಂದು ಪಾಲಕ ದಂಪತಿಗಳ ಏರ್ಪಾಡು ಮಾಡಲಾಯಿತು. ಅವರಿಗೆ ಕಲಿಸಿದವರಲ್ಲಿ ಎಚ್‌ಎಂಟಿಯಿಂದ ಬಂದ ಅನುಭವಿಗಳೂ ಇದ್ದರು. ಹಳೆಯ ಸಂಸ್ಥೆಯ ಕೈಚಳಕ ಹೊಸ ಏರ್ಪಾಡಿನೊಳಗೆ ಹೀಗೆ ಮುಂದುವರಿಯಿತು. 2002ರಲ್ಲಿ ಟೈಟನ್ ಎಡ್ಜ್ ಎಂಬ ವಾಚು ಬಂತು. ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚಿನ ದಪ್ಪ 3.5 ಮಿಲಿಮೀಟರ್, ಅಷ್ಟಾದರೂ ನೀರು ಒಳಹೋಗದು. ಅದಕ್ಕೆ ಹದಿನೈದು ಹದಿನೆಂಟು ವರ್ಷದ ಹಿಂದೆ ಗಡಿಯಾರದ ಅಆಇಈ ಕಲಿಯುತ್ತಿದ್ದ ಕಂಪನಿ ಜಗತ್ತಿನ ಅತಿ ತೆಳು ವಾಚುಗಳ ಸಾಲಿಗೆ ಸೇರಿದ್ದು ಹೀಗೆ.

ಎಡವಿದ ಜಾಗಗಳು

ರೂಢಿ ಮುರಿದಾಗಲೆಲ್ಲ ಗೆಲುವು ಸಿಗುತ್ತದೆಂಬ ಭರವಸೆಯೇನೂ ಇಲ್ಲ. ಟೈಟನ್ 1990ರ ದಶಕದಲ್ಲಿ ಯೂರೋಪಿಗೆ ಹೋಗಿ ತನ್ನ ಹೆಸರಿನಲ್ಲೇ ವಾಚು ಮಾರಲು ಯತ್ನಿಸಿತು. ಭಾರತದ ಹೆಸರು ಹೊತ್ತ ವಾಚಿಗೆ ಅಲ್ಲಿ ಮನ್ನಣೆ ಸಿಗಲಿಲ್ಲ, ವರ್ಷಗಟ್ಟಲೆ ನಷ್ಟ ತಿಂದು ಹಿಂದೆ ಸರಿಯಬೇಕಾಯಿತು. ಸ್ವದೇಶದಲ್ಲಿ ಗೆದ್ದದ್ದು ಇಲ್ಲಿನ ಗಿರಾಕಿಯ ಆಸೆಯನ್ನು ಹತ್ತಿರದಿಂದ ಅರಿತದ್ದರಿಂದ. ಅಲ್ಲಿ ಆ ಅರಿವು ಇರಲಿಲ್ಲ.

ಟೈಟನ್ನಿನ ಒಡವೆಯ ವ್ಯಾಪಾರದ ಕಥೆ ಇನ್ನಷ್ಟು ಪಾಠದ್ದು. ಯಂತ್ರಭಾಗಗಳ ಆಮದಿಗೆ ಬೇಕಾದ ವಿದೇಶಿ ವಿನಿಮಯ ಗಳಿಸಲು ಒಡವೆ ರಫ್ತು ಮಾಡುವುದು ಮೊದಲ ಯೋಜನೆಯಾಗಿತ್ತು. ಉದಾರೀಕರಣದ ನಂತರ ಆ ಅಗತ್ಯ ಕರಗಿತು, ಕಂಪನಿ ದೇಶದೊಳಗಿನ ಮಾರುಕಟ್ಟೆಗೆ ತಿರುಗಿ ತನಿಷ್ಕ್ ಮಳಿಗೆಗಳನ್ನು ತೆರೆಯಿತು. ಆದರೆ ಇಟ್ಟದ್ದು ಹೆಚ್ಚಾಗಿ 18 ಕ್ಯಾರೆಟ್ಟಿನ, ಹರಳು ಕೂರಿಸಿದ ಪಾಶ್ಚಾತ್ಯ ವಿನ್ಯಾಸದ ಒಡವೆ. ನಮ್ಮ ಮನೆಗಳಲ್ಲಿ ಚಿನ್ನವೆಂದರೆ ಮೊದಲು ಆಪತ್ತಿಗಾಗುವ ಆಸ್ತಿ, ಆಮೇಲೆ ಅಲಂಕಾರ. 22 ಕ್ಯಾರೆಟ್ಟಿಗಿಂತ ಕಡಿಮೆಯದನ್ನು ಮಗಳ ಮದುವೆಗೆ ಯಾರು ಮಾಡಿಸುತ್ತಾರೆ? ಮೊದಲ ವರ್ಷಗಳು ನಷ್ಟದಲ್ಲೇ ಕಳೆದವು, ಮುಚ್ಚಿಬಿಡುವ ಮಾತೂ ಬಂತು.

ಆಗ ಅವರು ಗಿರಾಕಿಯ ರೂಢಿಯನ್ನು ಒಪ್ಪಿ, ವ್ಯಾಪಾರದ ರೂಢಿಯನ್ನು ಬದಲಿಸಿದರು. ಒಡವೆಗಳು 22 ಕ್ಯಾರೆಟ್ಟಿಗೆ ಬಂದವು, ಸಾಂಪ್ರದಾಯಿಕ ವಿನ್ಯಾಸಗಳು ಸೇರಿದವು. ಜೊತೆಗೆ ಮಳಿಗೆಗಳಲ್ಲಿ ಕ್ಯಾರಟ್‌ಮೀಟರ್ ಎಂಬ ಯಂತ್ರ ಇಟ್ಟರು. ಎಕ್ಸ್-ರೇ ಹಾಯಿಸಿ, ಒಡವೆಯನ್ನು ಉಜ್ಜದೆ ಕರಗಿಸದೆ, ಕೆಲವೇ ನಿಮಿಷಗಳಲ್ಲಿ ಅದರ ಶುದ್ಧತೆ ಹೇಳುವ ಯಂತ್ರ ಅದು. ಹಾಲ್‌ಮಾರ್ಕ್ ಇನ್ನೂ ಕಡ್ಡಾಯವಾಗಿರದ ಕಾಲದಲ್ಲಿ ಅಕ್ಕಸಾಲಿಗರ ಮಾತೇ ಶುದ್ಧತೆಗೆ ಪ್ರಮಾಣವಾಗಿತ್ತು. ಮನೆಯ ಹಳೆಯ ಬಳೆಯನ್ನು ತಂದು ಪರೀಕ್ಷಿಸಿದವರಲ್ಲಿ ಅನೇಕರಿಗೆ, 22 ಎಂದು ಹಣ ಕೊಟ್ಟ ಚಿನ್ನ ಅಷ್ಟಿಲ್ಲವೆಂಬುದು ಕಣ್ಣೆದುರೇ ಗೊತ್ತಾಯಿತು. ಈಗ ಟೈಟನ್ ಕಂಪನಿಯ ಆದಾಯದ ಬಹುಪಾಲು ಬರುವುದು ಒಡವೆಯಿಂದಲೇ.

ವಾಚಿನಲ್ಲೂ ಅದು ಒಂದೇ ಸೂತ್ರಕ್ಕೆ ಅಂಟಿಕೊಳ್ಳಲಿಲ್ಲ. ಅಮೆರಿಕದ ಟೈಮೆಕ್ಸ್ ಜೊತೆಗಿನ ಪಾಲುದಾರಿಕೆ 1990ರ ದಶಕದ ಉತ್ತರಾರ್ಧದಲ್ಲಿ ಮುರಿದಾಗ ಕಡಿಮೆ ಬೆಲೆಯ ಸಾಲು ಬರಿದಾಗುವ ಅಪಾಯವಿತ್ತು. ಅದನ್ನು ತುಂಬಲು ಸೊನಾಟ ಎಂಬ ಹೆಸರಿನ ಅಗ್ಗದ ವಾಚು ಬೆಳೆಯಿತು. ಕಾಲೇಜು ಹುಡುಗರಿಗೆಂದು ಫಾಸ್ಟ್‌ಟ್ರ್ಯಾಕ್ ಬಂತು. ಕೆಳಗಿನ ಮೆಟ್ಟಿಲನ್ನು ಬಿಟ್ಟುಕೊಡಬಾರದೆಂಬ ಹಾಯೆಕ್‌ನ ಲೆಕ್ಕ ಹೊಸೂರಿನಲ್ಲೂ ನಿಜವಾಯಿತು.

ಉಳಿದ ಹಳತು

ಇತ್ತ ಎಚ್‌ಎಂಟಿ ಹೊಸ ಸ್ಪರ್ಧಿ ಬಂದು ಹತ್ತು ವರ್ಷ ತುಂಬುವುದರೊಳಗೆ ಹಿಂದೆ ಬಿತ್ತು. 2000ದಲ್ಲಿ ವಾಚು ವಿಭಾಗವನ್ನು ಪ್ರತ್ಯೇಕ ಕಂಪನಿ ಮಾಡಿದರೂ ನಷ್ಟ ನಿಲ್ಲಲಿಲ್ಲ, ನೌಕರರ ಸಂಬಳವೂ ತಿಂಗಳುಗಟ್ಟಲೆ ತಡವಾಗುವಂತಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರು ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಬೆಂಗಳೂರಿನ ಜಲಹಳ್ಳಿಯಲ್ಲಿ 2019ರಲ್ಲಿ ಸಂಸ್ಥೆಯ ಇತಿಹಾಸ ಹೇಳುವ ಸಂಗ್ರಹಾಲಯ ತೆರೆಯಿತು.

ವಿಚಿತ್ರವೆಂದರೆ ಮುಚ್ಚುವ ಸುದ್ದಿ ಹಬ್ಬುತ್ತಿದ್ದಂತೆ ಜನತಾ, ಪೈಲಟ್ ವಾಚುಗಳಿಗೆ ಮತ್ತೆ ಬೇಡಿಕೆ ಎದ್ದಿತು. ದೇಶವಿದೇಶದ ಸಂಗ್ರಾಹಕರು ಹುಡುಕಿ ಹುಡುಕಿ ಕೊಂಡರು. ಕೀ ಕೊಡುವ ವಾಚಿಗೆ ಬೆಲೆ ಇನ್ನೂ ಇದೆ, ಆದರೆ ಆ ಬೆಲೆ ಸಮಯ ತೋರಿಸುವುದಕ್ಕಲ್ಲ. ಇದನ್ನು ಬಹಳ ಮೊದಲೇ ಗ್ರಹಿಸಿದವರು ಸ್ವಿಟ್ಜರ್ಲೆಂಡಿನಲ್ಲಿದ್ದರು. ಕ್ವಾರ್ಟ್ಜ್ ಬಿರುಗಾಳಿಯ ನಡುವೆ, 1980ರ ದಶಕದ ಆರಂಭದಲ್ಲಿ, ಜಾನ್ ಕ್ಲೋಡ್ ಬಿವೆರ್ ಮತ್ತು ಜಾಕ್ ಪಿಗೆ ಸೇರಿ ನಿಂತುಹೋಗಿದ್ದ ಬ್ಲಾಂಕ್‌ಪೇನ್ ಎಂಬ ಹಳೆಯ ಹೆಸರನ್ನು ಸುಮಾರು 22 ಸಾವಿರ ಫ್ರಾಂಕಿಗೆ ಕೊಂಡರು. ತಾವು ಕ್ವಾರ್ಟ್ಜ್ ವಾಚನ್ನು ಎಂದೂ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ ಎಂದು ಸಾರಿ ಕೈಕುಶಲವನ್ನೇ ಮಾರಾಟದ ವಸ್ತು ಮಾಡಿದರು. 1992ರಲ್ಲಿ ಹಾಯೆಕ್‌ನ ಸಂಸ್ಥೆ ಅದನ್ನು ಸುಮಾರು 6 ಕೋಟಿ ಫ್ರಾಂಕಿಗೆ ಕೊಂಡುಕೊಂಡಿತು. ಯಂತ್ರ ಅದೇ ಹಳೆಯದು. ಯಾರಿಗೆ, ಯಾತಕ್ಕಾಗಿ, ಎಷ್ಟು ಬೆಲೆಗೆ ಎಂಬ ಮೂರೂ ಹೊಸವು. ಎಚ್‌ಎಂಟಿಯ ಕೈಯಲ್ಲಿ ಒಂದು ಪೀಳಿಗೆಯ ಪ್ರೀತಿಯೇ ಬಂಡವಾಳವಾಗಿ ಇತ್ತು. ಅದನ್ನು ಹೀಗೆ ಬಳಸಿಕೊಳ್ಳುವ ಪ್ರಯತ್ನ ಕಾರ್ಖಾನೆಗಳು ಉಸಿರಾಡುತ್ತಿದ್ದಾಗಲೇ ಆಗಬೇಕಿತ್ತು.

ಬಸ್‌ಸ್ಟ್ಯಾಂಡಿನ ಪಕ್ಕದ ಪುಟ್ಟ ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಎತ್ತಿ ಕೂರಿಸುತ್ತಿದ್ದ ರಿಪೇರಿಯವರ ಕಸುಬಿಗೂ ಈ ಬದಲಾವಣೆ ತಟ್ಟಿತು. ಕ್ವಾರ್ಟ್ಜ್ ವಾಚಿನ ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡುವುದಕ್ಕಿಂತ ಇಡಿಯಾಗಿ ಹೊಸದನ್ನು ಕೂರಿಸುವುದೇ ಅಗ್ಗ. ಬಹುಪಾಲು ಜನ ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದಕ್ಕೆ ಇಳಿದರು. ಹಳೆಯ ಕೆಲಸ ಬಲ್ಲ ಕೆಲವರನ್ನು ಸಂಗ್ರಾಹಕರು ಈಗ ವಿಳಾಸ ಕೇಳಿಕೊಂಡು ಹುಡುಕಿ ಬರುತ್ತಾರೆ.

ಮೊಬೈಲ್ ಫೋನು ಎಲ್ಲರ ಜೇಬಿಗೆ ಬಂದ ಮೇಲೆ ಸಮಯ ನೋಡಲು ವಾಚೇ ಬೇಕಿಲ್ಲವಾಯಿತು. 2015ರಲ್ಲಿ ಆ್ಯಪಲ್ ತನ್ನ ಸ್ಮಾರ್ಟ್‌ವಾಚ್ ಮಾರಲು ಶುರುಮಾಡಿದಾಗ ಈ ಉದ್ಯಮಕ್ಕೆ ಮತ್ತೊಮ್ಮೆ ಹೊರಗಿನವರು ನುಗ್ಗಿದರು. ಎದೆಬಡಿತ ಎಣಿಸುವ, ಕರೆ ಬಂದರೆ ತಿಳಿಸುವ ಈ ಸಾಧನದ ಬೆಲೆ ಅಡಗಿರುವುದು ಸಾಫ್ಟ್‌ವೇರಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಹಳತಾಗುತ್ತದೆ, ಮಾರಿದ ಮೇಲೂ ತಯಾರಕರು ಅದಕ್ಕೆ ಹೊಸ ಆವೃತ್ತಿಗಳನ್ನು ಕಳಿಸುತ್ತಲೇ ಇರಬೇಕು. ಕೇಸು, ಡಯಲ್, ಷೋರೂಮುಗಳಲ್ಲಿ ಪಳಗಿದ ಕಂಪನಿಗಳಿಗೆ ಇದು ಪರಿಚಯವಿಲ್ಲದ ಕೆಲಸ. ಟೈಟನ್ 2016ರಲ್ಲಿ ಎಚ್‌ಪಿ ಕಂಪನಿಯ ಜೊತೆ ಸೇರಿ ಜಕ್ಸ್ಟ್ ಎಂಬ ಸ್ಮಾರ್ಟ್‌ವಾಚ್ ತಂದಿತು. 2020ರಲ್ಲಿ ಹೈದರಾಬಾದಿನ ಹಗ್ ಇನ್ನೋವೇಷನ್ಸ್ ಎಂಬ ತಂತ್ರಜ್ಞಾನ ಸಂಸ್ಥೆಯನ್ನು ಕೊಂಡು ಸಾಫ್ಟ್‌ವೇರ್ ಎಂಜಿನಿಯರುಗಳ ತಂಡವನ್ನು ಒಳಗೇ ಕಟ್ಟಿಕೊಂಡಿತು. ಅಗ್ಗದ ಸ್ಮಾರ್ಟ್‌ವಾಚ್ ಮಾರುವ ಹೊಸ ಕಂಪನಿಗಳಿಗೆ ಸ್ವಂತ ಷೋರೂಮಿನ ಹಂಗೂ ಇಲ್ಲ, ಆನ್‌ಲೈನ್ ಮಾರಾಟವೇ ಅವುಗಳ ಮುಖ್ಯ ದಾರಿ. ಒಂದು ಕಾಲದಲ್ಲಿ ಗಾಜಿನ ಬೀರುವನ್ನು ಹಿಂದಿಕ್ಕಿದ ಷೋರೂಮು ಇಂದು ತಾನೇ ಈ ಉದ್ಯಮದ ಹಳೆಯ ರೂಢಿಯಾಗಿದೆ. ಆ ಮಳಿಗೆಗಳಿಗೆ ಸುರಿದ ಬಂಡವಾಳ, ಅವುಗಳಲ್ಲಿ ದುಡಿಯುವವರ ಅನುಭವವನ್ನು ಸಾಫ್ಟ್‌ವೇರ್ ಕಾಲದ ವಾಚಿಗೆ ಹೇಗೆ ಹೊಂದಿಸಬೇಕೆಂಬುದೇ ಹೊಸೂರಿನ ಕಂಪನಿಯ ಮುಂದೆ ಈಗಿರುವ ಕೆಲಸ.